ಅಪ್ಪಾಜಿಯ ಕಾರಿನ ಟಾಪ್ ಕೆಡಿಸಿದವರು ಯಾರು?

ಗೆಳೆಯರೇ, ಅಪ್ಪಾಜಿಯ ಹಳೆಯ ಕಾರಿನ, ಸ್ವಿಚ್ ಒತ್ತಿದರೆ ಮಡಚಿಕೊಳ್ಳುವ ಟಾಪ್ (ಮೇಲ್ಛಾವಣಿ) ಕೆಡಿಸಿದವಳು ನಾನೇ ಎಂಬುದು ನಮ್ಮ ಮನೆಯಲ್ಲಿ ಹತ್ತು ವರ್ಷದ ಹಿಂದೆಯೇ ತೀರ್ಮಾನವಾಗಿದ್ದ ವಿಷಯ. "ಇವಳೇ ಸ್ವಿಚ್ ಒತ್ತಿ ಒತ್ತಿ ಹಾಳ್ಮಾಡ್ಬುಟ್ಲು ಕಣ್ರೀ" ಎಂದು ಅಪ್ಪಾಜಿ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಅವರು ತೀರಿಕೊಂಡು ಮೂರು ತಿಂಗಳಾಯಿತು. ನನ್ನ ತಪ್ಪನ್ನು ನಾನೇ ಸರಿಮಾಡೋಣವೆಂದು, ಟಾಪ್ ಎತ್ತುವ ಎರಡು ಹೈಡ್ರಾಲಿಕ್ ಸಿಲಿಂಡರ್‌ಗಳನ್ನು ತರಿಸಿ ಕಾರನ್ನು, ಅಪ್ಪಾಜಿಯ ಕಾಲದಿಂದಲೂ ಅದನ್ನು ರಿಪೇರಿ ಮಾಡುತ್ತಿದ್ದ ಉದಯಗಿರಿಯ ಮೆಕ್ಯಾನಿಕ್ ಬಾಷಾ ಅವರಿಗೆ ಒಪ್ಪಿಸಿದ್ದೆ.

ಇವತ್ತು ಹೋದಾಗ ಹೊಸ ಸಿಲಿಂಡರ್ ಕೂರಿಸಿಯಾಗಿತ್ತು. ಅವರು ಹಳೆಯ ಸಿಲಿಂಡರ್ ಬಿಚ್ಚಿ ತೋರಿಸಿದರು.

"ನೋಡಿ ಮೇಡಂ, ರಬ್ಬರ್ ಸೀಲೆಲ್ಲ ಉಬ್ಬೋಗಿದೆ. ಹೈಡ್ರಾಲಿಕ್ ಆಯಿಲ್ ಬದ್ಲು ಬ್ರೇಕ್ ಆಯಿಲ್ ಹಾಕ್ಬುಟ್ಟಿದ್ರು ನಿಮ್ ತಂದೆ."

"ಅದು ಅವರಿಗೆ ಗೊತ್ತಿತ್ತಾ?"

"ಟಾಪ್ ಕೆಟ್ಟಾಗ್ಲೇ ಹೇಳಿದ್ದೆ. ಹೊಸ ಸಿಲಿಂಡರ್ ಸಿಗ್ಲಿಲ್ಲ, ಅಂಗೇ ಬಿಟ್ವಿ. ಮಗಳಿಗೆ ಮಾತ್ರ ಹೇಳ್ಬೇಡ ಕಣಪ್ಪ, ನಗ್ತಾಳೆ ಅಂದ್ರು."

ಸೀಟಿನಲ್ಲಿ ಕೂತು ಸ್ವಿಚ್ ಒತ್ತಿದೆ. ಟಾಪ್ ನಿಧಾನಕ್ಕೆ ಮಡಚಿಕೊಂಡು ಹಿಂದೆ ಸರಿಯಿತು. ಎಷ್ಟು ಪ್ರಯತ್ನಪಟ್ಟರೂ ನಗು ಬರಲಿಲ್ಲ, ಅಪ್ಪಾಜಿ.

ಹತ್ತು ವರ್ಷದ ಜಗಳ ಗೆದ್ದಿದ್ದೇನೆ. ಇನ್ನು ಅವರಿಗೆ ಬಯ್ಯಬೇಕೆಂದರೆ ತಲೆ ಎತ್ತಿ ಮೇಲೆ ನೋಡಿಯೇ ಬಯ್ಯಬೇಕು. ಟಾಪ್ ಹೇಗೂ ತೆರೆದಿದೆ.