ಅಕ್ಕನ ಕನ್ನಡಕ ಮತ್ತು ಮಂಕಾದ ಬಂಗುಡೆ

ಕನ್ನಡಕದ ಅಂಗಡಿಯವರು ಹೇಳಿದ ಒಂದು ಮಾತನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಮರೆತದ್ದಲ್ಲ. ಮೊದಲು ಬೇಡ ಅನಿಸಿತು, ಆಮೇಲೆ ಬಾಯಿ ಬರಲಿಲ್ಲ.

ಅಕ್ಕ ಮೀನುದೋಣಿಗಳು ಬಂದು ನಿಲ್ಲುವ ಧಕ್ಕೆಯಿಂದ ಮೀನು ತಂದು ಸ್ಕೂಟರಿನಲ್ಲಿ ಕಂಕನಾಡಿಯ ಮನೆಮನೆಗೆ ಕೊಡುವವಳು. ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು, ಈಗ ರಿಕ್ಷಾ ಓಡಿಸುವವನು. ಬೆಳಗಿನ ಬಿಸಿಲು ಒದ್ದೆ ರಸ್ತೆಗೆ ಬಿದ್ದು ಕಣ್ಣಿಗೆ ಚುಚ್ಚುತ್ತದೆ ಎಂದು ಅವಳು ಹೇಳುತ್ತಿದ್ದಳು. ಫಳ್ನೀರಿನ ಅಂಗಡಿಯಿಂದ ಪೋಲರೈಸ್ಡ್ ತಂಪು ಕನ್ನಡಕ ತಂದುಕೊಟ್ಟೆ. ಅಂಗಡಿಯವರು ಹೇಳಿದ್ದರು: "ನೀರಿನ, ರಸ್ತೆಯ ಮೇಲಿಂದ ಕಣ್ಣು ಕುಕ್ಕುವ ಬೆಳಕೆಲ್ಲ ಹೋಗ್ತದೆ. ಆದರೆ ಒದ್ದೆ ವಸ್ತುವಿನ ಹೊಳಪೂ ಹೋಗ್ತದೆ. ಕೆಲವು ಡಿಜಿಟಲ್ ನಂಬರ್ ಕಾಣುವುದಿಲ್ಲ." ನಾನು ಅಕ್ಕನಿಗೆ ಹೇಳಿದ್ದು ಇಷ್ಟೇ: "ಫಸ್ಟ್ ಕ್ಲಾಸ್ ಮಾಲು. ಒಂದು ಕೊರತೆಯೂ ಇಲ್ಲ."

ಎರಡು ದಿನ ಅವಳ ಖುಷಿ ನೋಡಬೇಕಿತ್ತು. "ಪಂಪ್‌ವೆಲ್‌ನಲ್ಲಿ ರಸ್ತೆಯ ಡಾಮರು ಡಾಮರಿನ ಹಾಗೆ ಕಾಣ್ತದೆ ಮಾರಾಯ! ಧಕ್ಕೆಯಲ್ಲಿ ನೀರಿನೊಳಗಿನ ಮರಿಮೀನೂ ಕಾಣ್ತದೆ!" ಅಲ್ಲಿನ ಹೆಂಗಸರು, "ಹೀರೋಯಿನ್ ಬಂದಳು, ದಾರಿ ಬಿಡಿ" ಅಂದರಂತೆ.

ಆ ಎರಡು ದಿನ ನೆರಳಿನಲ್ಲಿ ಕನ್ನಡಕ ತೆಗೆದು ಮೀನು ಕೊಂಡಿದ್ದಳು; ಮೂರನೆಯ ದಿನ ಬಿಸಿಲಿನಲ್ಲಿ ಹಾಕಿಕೊಂಡೇ ಕೊಳ್ಳಲು ಹೋಗಿ, ಖಾಲಿ ಬುಟ್ಟಿಯೊಂದಿಗೆ ಬಂದು ಜಗಲಿಯಲ್ಲಿ ಕೂತಳು. ಬಂಗುಡೆ ಮೀನೆಲ್ಲ ಮಂಕಾಗಿ ಕಂಡಿತಂತೆ. ಹಳೆ ಮೀನು ಎಂದು ಜಗಳ ಮಾಡಿ, ಕಿವಿರು ಎತ್ತಿ ನೋಡಿದರೆ ಕೆಂಪು, ತಾಜಾ. ತಕ್ಕಡಿಯ ನಂಬರೂ ಕಾಣಲಿಲ್ಲವಂತೆ.

"ಅಮ್ಮನಿಗೂ ಕಣ್ಣು ಹೋಗುವ ಮೊದಲು ಹೀಗೇ, ಬಿಸಿಲಿನಲ್ಲಿ ಮಂಕಾದದ್ದು. ನನ್ನ ಕಣ್ಣೂ ಹೋಗ್ತಾ ಉಂಟು. ಇನ್ನು ಧಕ್ಕೆಗೆ ಹೋಗಿ ಎಂತ ಮಾಡುವುದು?" ಎಂದು ಅತ್ತಳು.

ನನಗೆ ತಕ್ಷಣ ಗೊತ್ತಾಯಿತು. ಆದರೂ ಎರಡು ದಿನ ಸುಮ್ಮನಿದ್ದೆ. ಕೊರತೆ ಇಲ್ಲ ಎಂದು ಜಂಬ ಕೊಚ್ಚಿದವನು ಈಗ ಹೇಗೆ ಹೇಳುವುದು? ಅವಳು ಸ್ಕೂಟರ್ ಮಾರುವ ಮಾತೆತ್ತಿದಾಗ ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ರಿಕ್ಷಾದಲ್ಲಿ ಕೂರಿಸಿಕೊಂಡು ಧಕ್ಕೆಗೆ ಹೋದೆ. ಬಂಗುಡೆ ರಾಶಿಯ ಎದುರು ನಿಲ್ಲಿಸಿ ಕನ್ನಡಕ ತೆಗೆಸಿದೆ. ರಾಶಿಗೆ ರಾಶಿಯೇ ಹೊಳೆಯಿತು. ಹಾಕಿಸಿದೆ, ಮಂಕು. ತಕ್ಕಡಿಯ ಎದುರು ತಲೆ ಓರೆ ಮಾಡಿಸಿದೆ, ನಂಬರ್ ಬಂತು. ನೆಟ್ಟಗೆ ಮಾಡಿದರೆ ಮಾಯ. ಅಕ್ಕ ಕೋಳಿಯ ಹಾಗೆ ಕತ್ತು ಆಡಿಸುತ್ತಾ ನಗತೊಡಗಿದಳು. ಹೆಂಗಸರೆಲ್ಲ ಒಬ್ಬರಾದ ಮೇಲೆ ಒಬ್ಬರು ಹಾಕಿ ನೋಡಿದರು.

"ನಿನಗೆ ಇದು ಮೊದಲೇ ಗೊತ್ತಿತ್ತಾ?" ನಗು ನಿಲ್ಲಿಸಿ ಕೇಳಿದಳು.

"ಹೌದು. ಅಂಗಡಿಯಲ್ಲೇ ಹೇಳಿದ್ದರು."

"ನಾನು ಅಳುವುದನ್ನು ನೋಡ್ತಾ ಕೂತೆಯಲ್ಲ, ಕತ್ತೆ!" ಒಂದು ಬಂಗುಡೆ ಎತ್ತಿ ನನ್ನ ಬೆನ್ನಿಗೆ ಬಾರಿಸಿದಳು. ಧಕ್ಕೆಯೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಅಷ್ಟು ಜನರ ಎದುರೇ ಹೇಳಿದೆ:

"ನನ್ನ ಜಂಬ ಉಳಿಸಲಿಕ್ಕೆ ನಿನ್ನನ್ನು ಹೆದರಿಕೆಯಲ್ಲೇ ಬಿಟ್ಟೆ. ತಪ್ಪಾಯ್ತು ಅಕ್ಕ."