ದೊಡ್ಡ ಅಳತೆಯ ಅಂಗಿ

ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹೊಲಿಯುತ್ತಿರುವ ಹೆಂಗಸನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಾರೆ. ಆಕೆಗೆ 'ಸೂಚನೆ ಅರ್ಥವಾಗಲಿಲ್ಲ' ಎಂದು ನಮ್ಮ ಆರೋಗ್ಯ ಇಲಾಖೆಯ ಕಡತವೊಂದರಲ್ಲಿ ದಾಖಲಾಗಿದೆ. ಅದು ಸುಳ್ಳು. ಬರೆದವನು ನಾನು. ತಿದ್ದಿರೆಂದು ಕೇಳಿಕೊಂಡರೆ, ಮುಗಿದ ಕಡತ ತೆರೆಯಲಾಗದು ಎಂದು ಎರಡು ಸಾಲಿನ ಉತ್ತರ ಬಂದಿದೆ. ಸುಳ್ಳಿಗೂ ಮುಕ್ತಾಯವುಂಟೆಂದು ನನ್ನ ಸೇವಾವಧಿಯಲ್ಲಿ ನಾನು ಕೇಳಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೈಗೆ ಡ್ರಿಪ್ ಹಾಕಿರುವ ರೋಗಿಯ ಅಂಗಿ ಬದಲಿಸುವುದು ಹಿಂಸೆ. ನಳಿಕೆ ಬಿಚ್ಚಬೇಕು, ಇಲ್ಲವೇ ಬಾಟಲಿಯನ್ನೇ ತೋಳಿನೊಳಗೆ ತೂರಿಸಬೇಕು. ಈಕೆ ಹೆಗಲಿನಿಂದ ಮುಂಗೈವರೆಗೆ ಅಂಗಿಯ ತೋಳನ್ನು ಸೀಳಿ, ಒಂಬತ್ತು ಒತ್ತುಗುಂಡಿ ಕೂರಿಸಿದರು. ಸೂಜಿ ಅಲುಗದೆ ಅಂಗಿ ಕಳಚಿ ಬಂತು. ಹೆಸರು ಬಂದದ್ದೂ ಅದರಿಂದಲೇ. ಎರಡು ವಾರ್ಡುಗಳ ದಾದಿಯರು ಬೇರೆ ಅಂಗಿ ಮುಟ್ಟುವುದಿಲ್ಲ ಎಂದು ಹಟ ಹಿಡಿದರು.

ಅದೇ ವರ್ಷ ಇಲಾಖೆಯು ಇಂಥ ಹೊಸ ಸಾಧನಗಳನ್ನು ಆರಿಸಿ, ಕಂಡುಹಿಡಿದವರಿಗೆ ನೆರವಾಗಿ, ನೂರಾರು ಆಸ್ಪತ್ರೆಗಳಿಗೆ ತಲುಪಿಸುವ ಯೋಜನೆ ತಂದಿತು. ನಾನು ಆಯ್ಕೆ ಸಮಿತಿಯ ಕಾರ್ಯದರ್ಶಿ. ದಾದಿಯರು ಬೆನ್ನುಬಿದ್ದು ಆಕೆಯಿಂದ ಅರ್ಜಿ ಹಾಕಿಸಿದರು. ಕೊನೆಯ ಸುತ್ತಿಗೆ ಬಂದ ಏಳು ಮಂದಿಗೆ ನಾನು ಬರೆದ ವಾಕ್ಯ ಇದು: 'ತಮ್ಮ ಮಾದರಿಯನ್ನು ದೊಡ್ಡ ಅಳತೆಯಲ್ಲಿ ಸಿದ್ಧಪಡಿಸಿಕೊಂಡು ಹಾಜರಾಗತಕ್ಕದ್ದು.' ಹೆಚ್ಚು ಆಸ್ಪತ್ರೆಗಳಿಗೆ ಹೇಗೆ ಒದಗಿಸುವಿರಿ ಎಂಬ ವಿವರ ತನ್ನಿ ಎಂಬುದು ನನ್ನ ಇಂಗಿತ. ಉಳಿದ ಆರು ಮಂದಿ ವೈದ್ಯರು, ಎಂಜಿನಿಯರುಗಳು. ಕಚೇರಿಯ ಮಾತನ್ನು ಊಹಿಸಿ ಓದಬಲ್ಲವರು. ಹೊಲಿಯುವವರಿಗೆ ಅಳತೆ ಎಂದರೆ ಅಳತೆ.

ಗುಂಡಿಯಕ್ಕ ಮೇಜಿನ ಮೇಲೆ ಬಿಡಿಸಿಟ್ಟ ಅಂಗಿಯಲ್ಲಿ ಮೂವರು ಹಿಡಿಸುತ್ತಿದ್ದರು.

"ಏನಮ್ಮಾ, ಆನೆಗೆ ತೊಡಿಸ್ತೀರಾ?" ಎಂದರು ಅಧ್ಯಕ್ಷರು.

"ಆನೆಗೆ ಡ್ರಿಪ್ ಹಾಕೋರು ಅಳತೆ ತಂದ್ಕೊಡ್ಲಿ ಸಾರ್, ಹೊಲಿದುಕೊಡ್ತೀನಿ. ದೊಡ್ಡದು ತನ್ನಿ ಅಂತ ನೀವೇ ಬರೆದಿದ್ರಿ."

ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪತ್ರದ ಪ್ರತಿ ನನ್ನ ಮುಂದೆಯೇ ಇತ್ತು. ಗಟ್ಟಿಯಾಗಿ ಓದಿದ್ದರೆ ಆ ನಗು ನನ್ನ ಕಡೆಗೆ ತಿರುಗುತ್ತಿತ್ತು. ಕಾಗುಣಿತ ತಪ್ಪಿದ ಗುಮಾಸ್ತರನ್ನು ನಿಲ್ಲಿಸಿ ಗದರುತ್ತಿದ್ದ ನಾನು ಬಾಯಿಗೆ ಬೀಗ ಜಡಿದುಕೊಂಡೆ. ತಿರಸ್ಕಾರಕ್ಕೆ ಕಾರಣ ಬರೆದು, ಅರ್ಜಿದಾರರ ಸಹಿಗೆಂದು ಹಾಳೆಯನ್ನು ಆಕೆಯ ಕಡೆಗೆ ಸರಿಸಿದೆ. ಆಕೆ ಎರಡು ಸಲ ಓದಿದರು.

"ನನಗೆ ಅರ್ಥ ಆಗ್ಲಿಲ್ವಾ ಸಾರ್?"

"ಆಗ್ಲಿಲ್ಲಮ್ಮ," ಎಂದೆ.

"ತಪ್ಪಾಯ್ತು. ನಿಮ್ಮ ಹೊತ್ತೆಲ್ಲ ಹಾಳು ಮಾಡಿದೆ," ಎಂದು ಸಹಿ ಹಾಕಿ, ಅಂಗಿ ಮಡಚಿಕೊಂಡು ಹೋದರು.

ಇಂದಿಗೂ ಆ ಅಂಗಿ ಎರಡೇ ವಾರ್ಡುಗಳಲ್ಲಿದೆ. ಮಿಕ್ಕೆಡೆ ನಳಿಕೆ ಬಿಚ್ಚುತ್ತಲೇ ಇದ್ದಾರೆ.

ಹನ್ನೊಂದು ವರ್ಷಗಳ ಮೇಲೆ, ಕಳೆದ ತಿಂಗಳು, ಪತ್ರದ ಪ್ರತಿ ಹಿಡಿದು ಬಟ್ಟೆಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ಯಂತ್ರ ನಿಲ್ಲಿಸಿದರು.

"ಹಾಗಾದ್ರೆ ಅವತ್ತು ನನಗೆ ಅರ್ಥ ಆಗಿತ್ತು ಅನ್ನಿ."

"ಆಗಿತ್ತಮ್ಮ. ಬರೆಯೋಕೆ ಬರದೆ ಇದ್ದವನು ನಾನು. ಬೇರೆ ಕಡೆ ಎಲ್ಲಾದ್ರೂ ಅರ್ಜಿ ಹಾಕಿದ್ರಾ?"

"ಅರ್ಜಿನಾ? ಅವತ್ತಿಂದ ಮನೆಗೆ ಬಂದ ಒಂದು ಕಾಗದಾನೂ ನನ್ನನ್ನೇ ನಂಬಿ ಓದಿಲ್ಲ ಸಾರ್. ಮಗಳ ಹತ್ರ ಓದಿಸಿ, ಸೊಸೆ ಹತ್ರ ಇನ್ನೊಂದ್ಸಲ ಓದಿಸ್ತೀನಿ."