ಒಣಗದ ಕಾಫಿಗೆ ಸ್ಪ್ಯಾನಿಷ್

ಸುಂಟಿಕೊಪ್ಪದ ಹತ್ತಿರ ನೀರು ಕೇಳಲು ಒಂದು ಕಾಫಿ ಕಣಕ್ಕೆ ಹೋದೆ. ಎಸ್ಟೇಟಿನ ಕೆಲಸದ ಲೆಕ್ಕ ಬರೆಯುವ ರೈಟರ್ ಜಾನಕಿ ಕಾಫಿ ಕೆದಕುತ್ತಾ ಸ್ಪ್ಯಾನಿಷ್ ಬಾಯಿಪಾಠ ಮಾಡುತ್ತಿದ್ದರು. ಸ್ಪೇನಿನಿಂದ ಕಾಫಿ ಕೊಳ್ಳುವಾಕೆ ಇನ್ನೇನು ವಿಡಿಯೋ ಕಾಲ್ ಮಾಡುತ್ತಾಳಂತೆ.

"ಪ್ರತಿ ವರ್ಷ ಓನರ್ ಮಾತಾಡೋದು, ನಾನು ಹಿಂದೆ ನಿಂತು ಹಲ್ಲು ಕಿರಿಯೋದು. ಈ ಸಲ ಮಾಡಿದೋಳೇ ಹೇಳ್ತೀನಿ ಅಂದಿದೀನಿ ಅಕ್ಕ."

ಮಾಡಿ ಮುಗಿಸಿದ್ದನ್ನು ಹೇಳುವ ಸೂತ್ರ ಸುಲಭವಂತೆ. 'ಲವಾರ್' ಅಂದರೆ ತೊಳೆಯುವುದು. 'ಆರ್' ತೆಗೆದು 'ಏ' ಹಾಕಿದರೆ 'ಲವೇ', ನಾನು ತೊಳೆದೆ. 'ರೆಕೊಹೇರ್' ಕೊಯ್ಯುವುದು. 'ಏರ್' ಹೋಗಿ 'ಈ' ಬಂದರೆ 'ರೆಕೊಹೀ', ನಾನು ಕೊಯ್ದೆ.

"ಒಣಗಿಸಿದೆ ಅನ್ನೋಕೆ?"

"'ಸೆಕೇ'. ಆದ್ರೆ ಅದನ್ನ ಹೇಳಲ್ಲ. ಇನ್ನೂ ಒಣಗಿಲ್ವಲ್ಲ!"

ಜಗಲಿಯಿಂದ ಓನರ್ ಕೂಗಿದರು: "ಎರಡು ದಿನದ ಮಾತು, ಆಯ್ತು ಅಂದ್ಬಿಡು ಮಾರಾಯ್ತಿ! ಬೇರೆಯವ್ರ ಹತ್ರ ಹೋಗ್ತಾಳೆ ಅವ್ಳು."

"ಆಗದ ಕೆಲಸ ಆಯ್ತು ಅಂತ ಬರೆಯೋ ರೈಟರ್ ಬೇಕಿದ್ರೆ ಬೇರೆಯವ್ರನ್ನ ಇಟ್ಕೊಳ್ಳಿ."

ಕಾಲ್ ಬಂತು. 'ರೆಕೊಹೀ', 'ಲವೇ' ಎರಡೂ ತಡವರಿಸದೆ ಬಂದವು. ಆಕೆ "ಸೆಕಾಸ್ತೆ?" ಅಂದಳು, ಒಣಗಿಸಿದೆಯಾ ಅಂತ.

"ನೋ," ಎಂದ ಜಾನಕಿ ಸಿಪ್ಪೆ ಸುಲಿದು ಬೀಜ ಕಚ್ಚಿ, ಇನ್ನೂ ಹಸಿಯಾದ್ದರಿಂದ ಅದರ ಮೇಲೆ ಬಿದ್ದ ಹಲ್ಲಿನ ಗುರುತನ್ನು ಫೋನಿಗೆ ಹಿಡಿದರು.

ಆಕೆ ಮುಂದೆ ಬಾಗಿ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡು, ಓನರ್ ಹೆಸರನ್ನಲ್ಲ, ಜಾನಕಿಯ ಹೆಸರನ್ನು ಕೇಳಿದಳು.